ಸೆನ್ಸರಿನ ಕೆಳಗೊಂದು ರೊಟ್ಟಿ

ಬೆಳಿಗ್ಗೆ ಏಳೂವರೆಗೆ ಆಡಿದ ಮಾತು ಹನ್ನೊಂದು ಗಂಟೆಯಾದರೂ ಅವ್ವಣ್ಣನ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡೇ ಇತ್ತು. ಅಂಥ ದೊಡ್ಡ ಮಾತೇನೂ ಅಲ್ಲ. ‘ರೊಟ್ಟಿ ಯಾಕ ಒಂದ್ ಕಡಿ ದಪ್ಪ, ಒಂದ್ ಕಡಿ ತೆಳ್ಳಗ ಆಗ್ಯಾವ?’ ಎಂದಿದ್ದ, ಅಷ್ಟೇ. ಮರಾಠಿ ಸೀಮೆಯ ಭೋಸರಿಯ ಈ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷದಿಂದ, ಮಷೀನಿನಿಂದ ಇಳಿದ ಕಬ್ಬಿಣದ ಮುಖಗಳು ಸಪಾಟಾಗಿವೆಯೋ ಇಲ್ಲವೋ ಎಂದು ನೋಡಿ ಸಹಿ ಹಾಕುತ್ತ ಬಂದವನಿಗೆ ತನ್ನ ತಾಟಿನ ರೊಟ್ಟಿಯ ಬಗ್ಗೆ ಅಷ್ಟು ಹೇಳುವ ಹಕ್ಕಿಲ್ಲವೇ? ಹೆಂಡತಿ ಶರಣಮ್ಮ ತಿರುಗಿ ನಾಲ್ಕು ಮಾತು ಬೈದಿದ್ದರೆ ಅದು ಅಲ್ಲಿಗೇ ಮುಗಿದು ಅವನು ಹಗುರಾಗಿ ಬಸ್ಸು ಹತ್ತುತ್ತಿದ್ದ. ಅವಳು ಬೈಯಲಿಲ್ಲ. ‘ಹೌದ್ರಿ, ಆಗ್ಯಾವ,’ ಎಂದು ಮೂರು ಖಡಕ್ ರೊಟ್ಟಿಗಳನ್ನು ಬಟ್ಟೆಯಲ್ಲಿ ಸುತ್ತಿ, ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ಡಬ್ಬಿಯನ್ನು ಜೊತೆಗಿಟ್ಟು ಒಳಗೆ ಹೋಗಿಬಿಟ್ಟಳು. ಇಪ್ಪತ್ನಾಲ್ಕು ವರ್ಷದ ಸಂಸಾರದಲ್ಲಿ ಶರಣಮ್ಮ ಯಾವ ಆರೋಪವನ್ನೂ ಇಷ್ಟು ಸಲೀಸಾಗಿ ಒಪ್ಪಿಕೊಂಡದ್ದಿಲ್ಲ. ಹಾಲು ಉಕ್ಕಿದರೆ ತಪ್ಪು ಗ್ಯಾಸಿನದು, ಒಣಹಾಕಿದ ಬಟ್ಟೆ ಮಳೆಗೆ ನೆನೆದರೆ ತಪ್ಪು ಅವ್ವಣ್ಣನದು. ಅಂಥವಳು ‘ಹೌದ್ರಿ’ ಎಂದಳೆಂದರೆ ಅದರ ಅರ್ಥವೇನು? ಬಸ್ಸಿನಲ್ಲಿ ಯೋಚಿಸಿದ, ಗೇಟಿನಲ್ಲಿ ಬೆರಳೊತ್ತಿ ಹಾಜರಿ ಹಾಕುವಾಗ ಯೋಚಿಸಿದ. ತಾನು ಹೇಳಿದ್ದು ಖರೆ ಎಂದು ಯಾರಾದರೂ ಒಂದು ಸಾಕ್ಷಿ ಹೇಳಿದ್ದರೆ ಮನಸ್ಸಿಗೆ ನೆಮ್ಮದಿಯಾಗುತ್ತಿತ್ತು.

ಮೂರು ತಿಂಗಳ ಹಿಂದಾಗಿದ್ದರೆ ಅವನಿಗೆ ಯಾರ ಸಾಕ್ಷಿಯೂ ಬೇಕಿರಲಿಲ್ಲ. ಆಗ ಅವನೇ ಸಾಕ್ಷಿ, ಅವನೇ ತೀರ್ಪು. ಕರಿಗಲ್ಲಿನ ಹಾಸಿನ ಮೇಲೆ ತೆಳ್ಳಗೆ ನೀಲಿ ಬಣ್ಣ ಸವರಿ, ಪೀಸನ್ನು ಅದರ ಮೇಲೆ ಬೋರಲು ಹಾಕಿ ಉಜ್ಜಿ, ಎಲ್ಲೆಲ್ಲಿ ನೀಲಿ ಹತ್ತಿದೆ ನೋಡಿ, ಆಮೇಲೆ ಕಣ್ಣು ಮುಚ್ಚಿಕೊಂಡು ನಡುಬೆರಳಿನಿಂದ ಒಮ್ಮೆ ಸವರಿ ‘ನಡೀತದ’ ಎನ್ನುತ್ತಿದ್ದ, ಇಲ್ಲವೇ ‘ನಡಿಯೂದಿಲ್ಲ’ ಎನ್ನುತ್ತಿದ್ದ. ಅದರ ಮೇಲೆ ಅಪೀಲಿಲ್ಲ. ಮ್ಯಾನೇಜರ್ ಢಮಢೇರೆ ಸಾಹೇಬರು ಹೊರಗಿನವರನ್ನು ಕರೆತಂದು ಆ ಬೆರಳನ್ನು ತೋರಿಸುತ್ತಿದ್ದರು. ಉಗುರಿನ ಸುತ್ತ ಕೂತ ನೀಲಿ ಎಷ್ಟು ತಿಕ್ಕಿದರೂ ಹೋಗದೆ, ಮದುವೆಯ ಪಂಕ್ತಿಯಲ್ಲಿ ಪಕ್ಕದವರು ಅವನ ಕೈ ನೋಡಿ ಸ್ವಲ್ಪ ಸರಿದು ಕೂರುತ್ತಿದ್ದರು. ಅದನ್ನೂ ಅವನು ಮರ್ಯಾದೆ ಎಂದೇ ತಿಳಿದಿದ್ದ. ಆಮೇಲೆ ಮೈಸೂರಿನ ಕಡೆಯ ರಾಜೀವ ಎಂಬ ಇಂಜಿನಿಯರು ಸೆನ್ಸರುಗಳನ್ನು ತಂದು ಅದೇ ಕಲ್ಲಿನ ಮೇಲೆ ಕೂರಿಸಿದ. ಒಂದು ಅಡ್ಡಪಟ್ಟಿ, ಅದರಲ್ಲಿ ಸಾಲಾಗಿ ಏಳು ಸೆನ್ಸರು. ಒಂದೊಂದೂ ಕೆಳಗೆ ಒಂದು ಕೆಂಪು ಚುಕ್ಕೆ ಬಿಡುತ್ತದೆ, ಆ ಚುಕ್ಕೆ ಎಷ್ಟು ದೂರದಲ್ಲಿದೆ ಎಂದು ಅಳೆಯುತ್ತದೆ. ಪಟ್ಟಿ ಪೀಸಿನ ಮೇಲೆ ಎಲ್ಲಿಯೂ ತಾಗದಂತೆ ಹಾದು ಹೋಗುತ್ತದೆ, ಹನ್ನೊಂದು ಸೆಕೆಂಡು. ಗೋಡೆಯ ಟೀವಿಯಲ್ಲಿ ಆ ಮುಖದ ನಕಾಶೆ ಮೂಡುತ್ತದೆ: ಉಬ್ಬಿದ್ದು ಕೆಂಪು, ತಗ್ಗಿದ್ದು ನೀಲಿ. ನಡೆಯುವುದಾದರೆ ಹಸಿರು ದೀಪ, ಇಲ್ಲದಿದ್ದರೆ ಕೆಂಪು ದೀಪ. ಅವ್ವಣ್ಣನ ಪಾಲಿಗೆ ಉಳಿದದ್ದು ಕಲ್ಲು ಒರೆಸುವುದು, ಪೀಸು ಇಡುವುದು, ಮತ್ತು ದಿನಕ್ಕೆರಡು ಸಲ, ಬೆಳಿಗ್ಗೆ ಒಮ್ಮೆ ಊಟದ ನಂತರ ಒಮ್ಮೆ, ಬರಿಗಲ್ಲಿನ ಮೇಲೆ ಪಟ್ಟಿಯನ್ನು ನಿಲ್ಲಿಸಿ ಝೀರೋ ಗುಂಡಿ ಒತ್ತುವುದು. ‘ಇದೇ ಸಪಾಟು, ಇದನ್ನೇ ಸೊನ್ನೆ ಎಂದು ಹಿಡಿಯಿರಿ’ ಎಂದು ಆ ಏಳಕ್ಕೂ ತಿಳಿಹೇಳಿದಂತೆ. ಒಳ್ಳೆಯ ಮನೆತನದ ಮಕ್ಕಳನ್ನು ಬಾಲವಾಡಿಗೆ ಬಿಡುವ ಕೆಲಸ, ಎಂದುಕೊಳ್ಳುತ್ತಿದ್ದ ಅವ್ವಣ್ಣ.

ಇವತ್ತು ಬೇರೆ ನಾಲ್ಕು ಗಂಟೆಗೆ ಚಾಕಣದ ಗಿರಾಕಿ ಕಂಪನಿಯವರು ಹೊಸ ಪಂಪಿನ ಮುಚ್ಚಳಗಳನ್ನು ನೋಡಲು ಬರುವವರಿದ್ದರು. ಎಂಬತ್ತು ಮುಚ್ಚಳ. ಮುಖದ ಏರುಪೇರು ಹದಿನೈದು ಮೈಕ್ರಾನು ದಾಟಬಾರದು. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಹದಿನೈದು ಪಾಲು. ಮಿಲ್ಲಿಂಗ್ ಮಷೀನಿನ ಮೇಲೆ ಅವನ್ನು ಕೊರೆದವನು ಭೀಮು, ಅವ್ವಣ್ಣನ ಊರಿನ ಕಡೆಯವನೇ, ಶಹಾಪುರದ ಪಕ್ಕದ ಹಳ್ಳಿ. ಆರು ವರ್ಷದಿಂದ ಕಾಂಟ್ರಾಕ್ಟಿನ ಮೇಲೆ ದುಡಿಯುತ್ತಿದ್ದ. ಈ ಮಾಲು ಪೂರ್ತಿ ಪಾಸಾದರೆ ಸಂಜೆಯೇ ಪರ್ಮನೆಂಟ್ ಲೆಟರು ಕೊಡುತ್ತೇನೆ, ಒಂದು ಹೆಚ್ಚುಕಡಿಮೆಯಾದರೂ ಮುಂದಿನ ತಿಂಗಳಿಂದ ಬರುವುದು ಬೇಡ ಎಂದು ಢಮಢೇರೆ ಹೇಳಿದ್ದರು. ಭೀಮು ಬೆಳಿಗ್ಗೆ ಹೊಸ ಶರ್ಟು ಹಾಕಿಕೊಂಡು ಬಂದಿದ್ದ, ಅದರ ಮೇಲೆ ಎಣ್ಣೆ ಹಾರದಂತೆ ಹಳೆಯ ಗೋಣಿ ಸುತ್ತಿಕೊಂಡಿದ್ದ. ಊಟದ ಹೊತ್ತಿಗೆ ನಲವತ್ತು ಮುಚ್ಚಳ ಸೆನ್ಸರಿನ ಕೆಳಗೆ ಹಾದು ನಲವತ್ತಕ್ಕೂ ಹಸಿರು ದೀಪ ಹತ್ತಿತ್ತು. ‘ಕಾಕಾ, ಇನ್ನ ಅರ್ಧ ಉಳಿದಾವ,’ ಎಂದು ಭೀಮು ಕೈತೊಳೆಯಲು ಹೋದ. ರಾಜೀವನೂ ಕ್ಯಾಂಟೀನಿಗೆ ಹೋದ. ಮಷೀನುಗಳು ನಿಂತವು. ಕಲ್ಲಿನ ಮುಂದೆ ಅವ್ವಣ್ಣ ಒಬ್ಬನೇ ಉಳಿದ, ಕೈಯಲ್ಲಿ ರೊಟ್ಟಿಯ ಗಂಟು.

ಅಲ್ಲಿಯತನಕ ಆ ಯೋಚನೆ ಅವನ ತಲೆಗೆ ಬಂದಿರಲಿಲ್ಲ ಎಂದು ಅವನು ಆಮೇಲೆ ತನಗೆ ತಾನೇ ಎಷ್ಟೋ ಸಲ ಹೇಳಿಕೊಂಡ. ಬಂದಿತ್ತು. ಹತ್ತು ಗಂಟೆಗೇ ಬಂದಿತ್ತು. ಬಂದು, ಎರಡು ಸಲ ಒದ್ದರೂ ಹೋಗದೆ ಬಾಗಿಲಲ್ಲೇ ಕೂತಿತ್ತು. ಗಂಟು ಬಿಚ್ಚಿ, ಎಣ್ಣೆ ಜಿನುಗುತ್ತಿದ್ದ ಹಿಂಡಿಯ ಡಬ್ಬಿಯನ್ನು ಪಕ್ಕಕ್ಕಿಟ್ಟು, ಮೇಲಿನ ರೊಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು, ಮುಚ್ಚಳ ಇಡುವಷ್ಟೇ ಜೋಪಾನವಾಗಿ ಕಲ್ಲಿನ ಮೇಲಿಟ್ಟ. ಇದರಲ್ಲಿ ತಪ್ಪೇನಿದೆ? ಅಳೆಯುವ ಮಷೀನು, ಅಳೆಯಬೇಕಾದ ವಸ್ತು. ಪ್ರಿಂಟು ತೆಗೆದು ಮನೆಗೊಯ್ದು ಶರಣಮ್ಮನ ಮುಂದಿಟ್ಟರೆ, ‘ನೋಡು, ನಾ ಅಂದಿದ್ದಲ್ಲ, ಕಂಪ್ಯೂಟರ್ ಅಂದದ್ದು’ ಎನ್ನಬಹುದಿತ್ತು. ಗುಂಡಿ ಒತ್ತಿದ. ಪಟ್ಟಿ ಗಂಭೀರವಾಗಿ ರೊಟ್ಟಿಯ ಮೇಲೆ ಹಾದುಹೋಯಿತು. ಏಳು ಕೆಂಪು ಚುಕ್ಕೆಗಳು ಉಬ್ಬುಗಳನ್ನು ಹತ್ತಿ ಇಳಿದವು. ಹನ್ನೊಂದು ಸೆಕೆಂಡಿಗೆ ಕೆಂಪು ದೀಪ ಹತ್ತಿತು: ಎರಡು ಸಾವಿರದ ಎಂಟುನೂರ ನಲವತ್ತು ಮೈಕ್ರಾನು, ರಿಜೆಕ್ಟ್. ಅವ್ವಣ್ಣ ಅಂಕಿಯನ್ನಷ್ಟೇ ನೋಡಿದ. ಟೀವಿಯ ನಕಾಶೆಯನ್ನು ನೋಡುವ ಅಭ್ಯಾಸ ಅವನಿಗೆ ಇನ್ನೂ ಹತ್ತಿರಲಿಲ್ಲ. ಹದಿನೈದಿರಬೇಕಾದ ಕಡೆ ಮೂರು ಸಾವಿರದ ಹತ್ತಿರ. ಎದೆಯಲ್ಲಿ ಏನೋ ಗೆದ್ದ ಸಂತೋಷ ಎದ್ದಿತು, ಎದ್ದ ಕೂಡಲೇ ನಾಚಿಕೆಯೂ ಆಯಿತು, ಯಾಕೆಂದರೆ ಜಗತ್ತಿನ ಯಾವ ರೊಟ್ಟಿಯೂ ಈ ದೀಪವನ್ನು ಹಸಿರು ಮಾಡಲಾರದು ಎಂಬುದು ಅವನಿಗೂ ಗೊತ್ತಿತ್ತು. ಅಷ್ಟರಲ್ಲಿ ಬಾಗಿಲಲ್ಲಿ ರಾಜೀವನ ಬೂಟಿನ ಸದ್ದು. ಅವ್ವಣ್ಣ ರೊಟ್ಟಿಯನ್ನು ಎತ್ತಿ ಡ್ರಾಯಿಂಗ್ ಹಾಳೆಯ ಕೆಳಗೆ ತುರುಕಿ, ಹಿಂಡಿಯ ಎಣ್ಣೆ ಹತ್ತಿದ ಬೆರಳಿನಿಂದ ಕಲ್ಲನ್ನು ಒಮ್ಮೆ ಸವರಿ, ಬಾಯಿಂದ ಉಫ್ ಎಂದು ಊದಿದ. ಇಪ್ಪತ್ತಾರು ವರ್ಷದಲ್ಲಿ ಸ್ಪಿರಿಟ್ಟಿನ ಬಟ್ಟೆಯಿಂದ ಒರೆಸದೆ ಆ ಕಲ್ಲಿಗೆ ಬರೇ ಊದಿದ್ದು ಅದೇ ಮೊದಲು.

‘ಊಟ ಆಯ್ತಾ ಸರ್? ಝೀರೋ ಹೊಡೆದುಬಿಡಿ, ಬೇಗ ಶುರು ಮಾಡೋಣ, ಟೈಮ್ ಇಲ್ಲ,’ ಎಂದ ರಾಜೀವ. ಅವ್ವಣ್ಣ ಝೀರೋ ಒತ್ತಿದ. ಆಮೇಲೆ ಮೂಲೆಗೆ ಹೋಗಿ ಮೂರೂ ರೊಟ್ಟಿಯನ್ನು ಅವಸರವಸರವಾಗಿ ತಿಂದು ನೀರು ಕುಡಿದ. ಒಂದು ಕಡೆ ದಪ್ಪವೇ ಇದ್ದವು. ರುಚಿ ಏನೂ ಕೆಟ್ಟಿರಲಿಲ್ಲ.

ಒಂದೂಕಾಲಿಗೆ, ಊಟದ ನಂತರದ ಮೊದಲ ಮುಚ್ಚಳಕ್ಕೆ ಕೆಂಪು ದೀಪ ಹತ್ತಿತು. ಎರಡನೆಯದಕ್ಕೂ ಹತ್ತಿತು. ಮೂರನೆಯದಕ್ಕೆ ರಾಜೀವ ಕುರ್ಚಿಯಿಂದ ಎದ್ದ. ಟೀವಿಯಲ್ಲಿ ಮೂರರ ಮುಖದ ಮೇಲೂ, ಸರಿಯಾಗಿ ನಟ್ಟನಡುವೆ, ನಾಲ್ಕನೆಯ ಸೆನ್ಸರು ಹಾದ ದಾರಿಯಲ್ಲಿ, ಉದ್ದಕ್ಕೆ ಒಂದು ನೀಲಿ ಗೆರೆ. ಮೂವತ್ತೊಂದು ಮೈಕ್ರಾನಿನ ತಗ್ಗು. ಅವ್ವಣ್ಣನಿಗೆ ಮೊದಲು ಆದದ್ದು, ಒಪ್ಪಿಕೊಳ್ಳಲೇಬೇಕು, ಶುದ್ಧ ಆನಂದ. ಮಷೀನು ಕೆಟ್ಟಿತು! ಮುಚ್ಚಳವನ್ನು ಎತ್ತಿ ಕಣ್ಣು ಮುಚ್ಚಿ ನಡುಬೆರಳಿನಿಂದ ಸವರಿದ. ಎಲ್ಲಿಯೂ ತಗ್ಗಿರಲಿಲ್ಲ. ‘ಇದು ನಡೀತದ್ರಿ,’ ಎಂದ, ಮೂರು ತಿಂಗಳ ಹಿಂದಿನ ದನಿಯಲ್ಲಿ. ರಾಜೀವ ನಕ್ಕ, ಮುದುಕರ ಜೊತೆ ನಗುವ ನಗೆ. ‘ಸರ್, ಬೆರಳಿಗೆ ಮೂವತ್ತು ಮೈಕ್ರಾನ್ ಮಿಸ್ ಆಗ್ಬೋದು, ಸೆನ್ಸರ್‌ಗೆ ಆಗಲ್ಲ. ಇದು ಕಟರ್ ಮಾರ್ಕು, ನೋಡಿ, ಸ್ಟ್ರೇಟ್ ಲೈನ್. ಟೂಲ್ ಚಿಪ್ ಆಗಿದೆ, ಆಪರೇಟರ್ ನೋಡಿಲ್ಲ.’ ಅಷ್ಟು ಹೇಳಿ ಅವನು ಭೀಮುವಿನ ಮಷೀನಿನ ಕಡೆ ನಡೆದ. ಆ ಹೊತ್ತಿಗೆ ಅವ್ವಣ್ಣನ ನೆನಪಿಗೆ ಬಂದದ್ದು ತಾನು ಊದಿದ ಉಫ್. ಕಲ್ಲಿನ ಮೇಲೆ ನಾಲ್ಕನೆಯ ಸೆನ್ಸರಿನ ಕೆಳಗೆ ಹಿಂಡಿಯ ಎಣ್ಣೆಗೆ ಅಂಟಿ ಕೂತ ಒಂದು ಚಿಟಿಕೆ ಜೋಳದ ಹಿಟ್ಟು. ಝೀರೋ ಒತ್ತಿದಾಗ ಆ ಹಿಟ್ಟಿನ ತಲೆಯನ್ನೇ ಅದು ಸೊನ್ನೆ ಎಂದು ಹಿಡಿದಿದೆ. ಈಗ ಒಳ್ಳೆಯ ಮುಖ ತೋರಿಸಿದರೂ ನಾಲ್ಕನೆಯದಕ್ಕೆ ಮಾತ್ರ ತಗ್ಗಾಗಿ ಕಾಣುತ್ತಿದೆ. ಸೆನ್ಸರು ಕೆಟ್ಟಿರಲಿಲ್ಲ, ಭೀಮುವಿನ ಕಟರೂ ಕೆಟ್ಟಿರಲಿಲ್ಲ. ಕೆಟ್ಟದ್ದು ಯಾವುದೆಂದು ತಿಳಿದವನು ಈ ಛಾವಣಿಯ ಕೆಳಗೆ ಒಬ್ಬನೇ ಇದ್ದ.

ಸರಳ ಉಪಾಯವಿತ್ತು. ಸದ್ದಿಲ್ಲದೆ ಕಲ್ಲು ಒರೆಸಿ ಇನ್ನೊಮ್ಮೆ ಝೀರೋ ಒತ್ತಿದರೆ ಮುಗಿಯಿತು. ಬಟ್ಟೆಗೆ ಸ್ಪಿರಿಟ್ಟು ಹಾಕಿಕೊಂಡು ಅವ್ವಣ್ಣ ಕಲ್ಲಿನ ಕಡೆ ಎರಡು ಹೆಜ್ಜೆ ಇಟ್ಟ. ‘ಸರ್ ಸರ್ ಸರ್! ಮುಟ್ಬೇಡಿ!’ ಅಲ್ಲಿಂದಲೇ ರಾಜೀವ ಕೂಗಿದ. ‘ಸಿಸ್ಟಂ ಲಾಕ್ ಮಾಡಿದೀನಿ. ಕಸ್ಟಮರ್ ಬಂದಾಗ ಹೆಂಗಿದೆಯೋ ಹಂಗೇ ತೋರಿಸ್ಬೇಕು.’ ಅವ್ವಣ್ಣ ಆ ಬಟ್ಟೆಯಿಂದ ತನ್ನ ಕನ್ನಡಕ ಒರೆಸಿಕೊಂಡ. ಸ್ಪಿರಿಟ್ಟು ಕಣ್ಣಿಗೆ ಉರಿಯಿತು. ಭೀಮು ಕಟರನ್ನು ಬಿಚ್ಚಿ ಬಿಸಿಲಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತಿದ್ದ, ಒಂದು ಕಡೆಯೂ ಮುಕ್ಕಾಗಿರಲಿಲ್ಲ, ಅದೇ ಅವನನ್ನು ಹೆಚ್ಚು ಹೆದರಿಸಿತ್ತು. ‘ಕಾಕಾ, ನನ್ನ ಕೈನ ಕೆಟ್ಟಾವೇನು?’ ಎಂದು ಕೇಳಿದ. ‘ಸುಮ್ನಿರು, ಎಲ್ಲಾ ಸರಿ ಆಗ್ತದ,’ ಎಂದ ಅವ್ವಣ್ಣ, ಸರಿಮಾಡಬೇಕಾದವನು ಬೇರೆ ಯಾರೋ ಇದ್ದ ಹಾಗೆ. ಹೇಳಿಬಿಡಬೇಕು. ಆದರೆ ಏನೆಂದು ಹೇಳುವುದು? ಐವತ್ತೆರಡು ವರ್ಷದ ಮನುಷ್ಯ, ಕಾರ್ಖಾನೆಯ ಅಷ್ಟು ಜನರ ಮುಂದೆ, ಆ ಮೈಸೂರಿನವನ ಮುಂದೆ, ‘ನಾನು ಹೆಂಡತಿಯ ರೊಟ್ಟಿಯನ್ನು ಅಳೆದೆ’ ಎನ್ನುವುದೇ? ನಾಳೆಯಿಂದ ಅವನನ್ನು ಯಾವ ಹೆಸರಿನಿಂದ ಕರೆಯುತ್ತಾರೆಂಬುದು ಅವನಿಗೆ ಈಗಲೇ ಕಿವಿಯಲ್ಲಿ ಕೇಳಿಸುತ್ತಿತ್ತು. ಕಳ್ಳತನ ಮಾಡಿದ್ದರೂ ಇಷ್ಟು ಕಷ್ಟವಾಗುತ್ತಿರಲಿಲ್ಲ, ಕಳ್ಳತನಕ್ಕೆ ಒಂದು ತೂಕವಿರುತ್ತದೆ.

ಎರಡೂವರೆಗೆ ಢಮಢೇರೆ ಬಂದರು. ಅವರಿಗೆ ಸಿಟ್ಟು ಬಂದರೆ ದನಿ ಏರುವುದಿಲ್ಲ, ಹೊಟ್ಟೆಯ ಮೇಲಿನ ಬೆಲ್ಟನ್ನು ಏರಿಸಿಕೊಳ್ಳುತ್ತಾರೆ. ಏರಿಸಿಕೊಂಡು ಲಾಗ್ ತೆಗೆ ಎಂದರು. ಈ ಮಷೀನು ಪ್ರತಿಯೊಂದು ಅಳತೆಯನ್ನೂ ಗಂಟೆ ನಿಮಿಷ ಸಮೇತ ಬರೆದಿಟ್ಟುಕೊಳ್ಳುತ್ತದೆ ಎಂಬುದು ಅವ್ವಣ್ಣನಿಗೆ ಗೊತ್ತಿರಲಿಲ್ಲ ಎಂದಲ್ಲ. ರಾಜೀವ ಮೊದಲ ದಿನವೇ ಹೇಳಿದ್ದ, ಆಗ ಅವ್ವಣ್ಣ ಮುನಿಸಿಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದ. ರಾಜೀವ ಆ ಲಾಗಿನ ಯಾದಿಯನ್ನು ಟೀವಿಗೆ ಹಾಕಿದ. ನಲವತ್ತು ಹಸಿರು ಸಾಲು, ಕೊನೆಯಲ್ಲಿ ಮೂರು ಕೆಂಪು, ಇವೆರಡರ ನಡುವೆ, ಹನ್ನೆರಡು ಐವತ್ತೆರಡಕ್ಕೆ, ಒಂದು ಒಂಟಿ ಕೆಂಪು ಸಾಲು: 2840. ‘ಪ್ರಾಬ್ಲಂ ಇಲ್ಲಿಂದ ಶುರು ಆಗಿದೆ ಸರ್. ಇದ್ಯಾವ ಪೀಸು?’ ಎಂದ ರಾಜೀವ. ‘ಕುರ್‍ಹಾಡೀನಂ ಕಾಪಲಾ ಕಾ?’ ಎಂದರು ಢಮಢೇರೆ, ಕೊಡಲಿಯಿಂದ ಕಡಿದಿರೇನು ಎಂಬ ಅರ್ಥದಲ್ಲಿ. ಸುಮಾರು ಮೂರು ಮಿಲಿಮೀಟರು ಏರುಪೇರಿನ ಮುಚ್ಚಳವನ್ನು ಅವರು ತಮ್ಮ ಜನ್ಮದಲ್ಲಿ ಕಂಡಿರಲಿಲ್ಲ. ಎಲ್ಲಿದೆ, ಹುಡುಕಿ ಎಂದರು. ಗುಜರಿಯ ಡಬ್ಬಿಗಳನ್ನು ಬೋರಲು ಹಾಕಿದರು. ಬೆಂಚುಗಳ ಕೆಳಗೆ ಟಾರ್ಚು ಬಿಟ್ಟರು. ಅವ್ವಣ್ಣನೂ ಹುಡುಕಿದ. ತನ್ನ ಹೊಟ್ಟೆಯಲ್ಲಿರುವ ವಸ್ತುವಿಗಾಗಿ ನೆಲಕ್ಕೆ ಮೊಣಕಾಲೂರಿ, ಕಪಾಟಿನ ಸಂದಿಗೆ ಕೈಹಾಕಿ, ಸಾಕಷ್ಟು ಶ್ರದ್ಧೆಯಿಂದಲೇ ಹುಡುಕಿದ. ಹಾಗೆ ಹುಡುಕುತ್ತಿರುವಾಗ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಸಿಗಲಿಲ್ಲ. ಸಿಗದ ಪೀಸು ಹೊರಗೆ ಹೋಗಿರಬೇಕು, ತಪ್ಪು ಮುಚ್ಚಿಡಲು ಯಾರೋ ಗೋಡೆಯಾಚೆ ಎಸೆದಿರಬೇಕು, ಎಂದರು ಢಮಢೇರೆ. ಯಾರು ಎಸೆದಿರಬಹುದೆಂದು ಅವರು ಹೇಳಲಿಲ್ಲ, ಭೀಮುವನ್ನು ನೋಡಿದರು. ಭೀಮು ಗೋಣಿಯಿಂದ ಕೈ ಒರೆಸಿಕೊಂಡ. ‘ಹೌದ್ರಿ ಸಾಹೇಬ್ರ, ನಾನ ಮಾಡಿರಬೇಕ್ರಿ. ನನಗ ನೆನಪಿಲ್ಲ,’ ಎಂದ. ಅವನು ಆ ಮಾತನ್ನು ಕನ್ನಡದಲ್ಲೇ ಆಡಿದ, ಮರಾಠಿಗೆ ತಿರುಗಿಸುವಷ್ಟು ಕಸುವು ಉಳಿದಿರಲಿಲ್ಲ. ಅವ್ವಣ್ಣ ಕಪಾಟಿನ ಸಂದಿಯಿಂದ ಕೈ ತೆಗೆದ. ಆ ‘ಹೌದ್ರಿ’ ಅವನಿಗೆ ಗೊತ್ತಿತ್ತು. ಜಗಳಾಡಲು ಮೈಯಲ್ಲಿ ಏನೂ ಉಳಿಯದೆ ಇದ್ದಾಗ ಹೊರಡುವ ಹೌದ್ರಿ. ಅಷ್ಟರಲ್ಲಿ ರಾಜೀವ ‘ಒಂದ್ನಿಮಿಷ, ಇದರ ಮ್ಯಾಪ್ ಇದೆಯಲ್ಲಾ,’ ಎಂದು ಆ ಒಂಟಿ ಸಾಲಿನ ಮೇಲೆ ಒತ್ತಿದ. ಟೀವಿಯ ತುಂಬ, ಕೆಂಪು ಹಳದಿ ನೀಲಿ ಬಣ್ಣದಲ್ಲಿ, ಗುಂಡಗೆ, ರೊಟ್ಟಿ ಮೂಡಿತು.

ಉಳಿದವರಿಗೆ ಅದು ಯಾವುದೋ ವಿಚಿತ್ರ ಮುಚ್ಚಳ. ಅವ್ವಣ್ಣ ಮಾತ್ರ ಅದನ್ನು ಓದಿದ. ತಟ್ಟುವಾಗ ಬಲಗೈ ತಟ್ಟುತ್ತ ಹೋದಂತೆ ಎಡಗೈ ತಿರುಗಿಸುತ್ತ ಹೋಗುತ್ತದೆ. ಸುತ್ತು ಪೂರ್ತಿಯಾದರೆ ಅಂಚು ಎಲ್ಲ ಕಡೆಯೂ ಒಂದೇ ಸಮ ಬರುತ್ತದೆ. ಇಲ್ಲಿ ಮುಕ್ಕಾಲು ಸುತ್ತು ಸಮವಾಗಿತ್ತು. ಅಲ್ಲಿಂದ ಮುಂದಕ್ಕೆ, ಕಾಲು ಭಾಗದಲ್ಲಿ, ಕೆಂಪು ದಿಬ್ಬ. ಕೈ ಅಲ್ಲಿಗೆ ನಿಂತುಬಿಟ್ಟಿತ್ತು. ಕಟರು ಮುಕ್ಕಾದರೆ ಗೆರೆ ಬೀಳುತ್ತದೆ, ಮಷೀನಿನ ಬೇರಿಂಗು ಸವೆದರೆ ಅಲೆ ಬೀಳುತ್ತದೆ. ಮುಖ ನೋಡಿ ಕೈಯ ರೋಗ ಹೇಳುವುದು ಅವನ ಕಸುಬು. ಇದು ನೋಯುತ್ತಿರುವ ಮಣಿಕಟ್ಟು. ಉಪ್ಪಿನಕಾಯಿ ಭರಣಿಯ ಮುಚ್ಚಳ ತೆಗೆದುಕೊಡ್ರಿ ಎಂದು ಶರಣಮ್ಮ ಈಗ ಎರಡು ತಿಂಗಳಿಂದ ಕೇಳುತ್ತಿದ್ದಾಳೆ, ಇವನು ಮೊಬೈಲ್ ನೋಡುತ್ತ ತೆಗೆದುಕೊಡುತ್ತಿದ್ದಾನೆ, ವಯಸ್ಸಾದ ಮೇಲೆ ಹೆಂಡತಿಗೆ ಗಂಡನ ಮೇಲೆ ಹೊಸದಾಗಿ ಪ್ರೀತಿ ಬಂದಿದೆ ಎಂದು ಒಳಗೊಳಗೇ ಹಿಗ್ಗುತ್ತ. ನೀರಿನ ಕೊಡ ಅವಳ ಬಲಗೈಯಿಂದ ಎಡಗೈಗೆ ಬಂದದ್ದು ಯಾವಾಗ? ಬಟ್ಟೆ ಹಿಂಡುವಾಗ ಅವಳು ಹಲ್ಲು ಕಚ್ಚುತ್ತಿದ್ದುದು? ಎಲ್ಲವೂ ಅವನ ಎದುರಿಗೇ ಆಗಿತ್ತು. ಕೂದಲೆಳೆಯ ಐದನೇ ಪಾಲನ್ನು ಬೆರಳಿನಿಂದ ಹಿಡಿಯುವವನಿಗೆ ಅದು ಯಾವುದೂ ಕಂಡಿರಲಿಲ್ಲ.

‘ಅದು ಪೀಸ್ ಅಲ್ರಿ,’ ಎಂದ ಅವ್ವಣ್ಣ. ಯಾರೂ ಕೇಳಿಸಿಕೊಳ್ಳಲಿಲ್ಲ. ಗಂಟಲು ಸರಿಮಾಡಿಕೊಂಡು ಮರಾಠಿಯಲ್ಲಿ ಜೋರಾಗಿ ಹೇಳಿದ. ‘ಸಾಹೇಬ, ತೀ ಭಾಕರೀ ಆಹೆ.’ ಅದು ರೊಟ್ಟಿ.

‘ಕಾಯ್?’ ಏನು, ಎಂದರು ಢಮಢೇರೆ.

‘ಭಾಕರೀ. ಮಾಝ್ಯಾ ಬಾಯಕೋಚೀ.’ ನನ್ನ ಹೆಂಡತಿಯದು.

ಎಲ್ಲರೂ ಟೀವಿಯ ಕಡೆ ತಿರುಗಿದರು. ಒಮ್ಮೆ ಗೊತ್ತಾದ ಮೇಲೆ ಅದು ರೊಟ್ಟಿಯಲ್ಲದೆ ಬೇರೇನೂ ಆಗಿ ಕಾಣುವ ಸಾಧ್ಯತೆಯೇ ಇರಲಿಲ್ಲ. ನಡುವಿನ ದೊಡ್ಡ ಉಬ್ಬು, ಹೆಂಚಿನ ಮೇಲೆ ಎದ್ದ ಸಣ್ಣ ಗುಳ್ಳೆಗಳು, ಎಲ್ಲ ಇದ್ದವು. ಅವ್ವಣ್ಣ ಹಿಟ್ಟಿನ ಸಂಗತಿಯನ್ನು, ಊದಿದ್ದನ್ನು, ಝೀರೋವನ್ನು ಒಂದೂ ಬಿಡದೆ ಹೇಳಿದ. ರಾಜೀವನ ಮುಖ ಬಾಡಿತು. ‘ಸರ್, ಅದು ಫುಡ್ ಐಟಂಗೆ ಅಲ್ಲ ಸರ್, ವಾರಂಟಿ ಹೋಗುತ್ತೆ,’ ಎಂದು ಗೊಣಗುತ್ತ ಲಾಕು ತೆಗೆದ. ಅವ್ವಣ್ಣ ಕಲ್ಲನ್ನು ಒರೆಸಿದ. ಬಿಳಿ ಬಟ್ಟೆಯ ಮೇಲೆ ನಸುಕೆಂಪು ಕಲೆ ಬಂತು. ಝೀರೋ ಒತ್ತಿ, ಅದೇ ಮೂರು ಮುಚ್ಚಳಗಳನ್ನು ಒಂದೊಂದಾಗಿ ಇಟ್ಟ. ಆರು ಮೈಕ್ರಾನು, ಐದು, ಏಳು. ಹಸಿರು, ಹಸಿರು, ಹಸಿರು. ಭೀಮು ಗೋಣಿ ಬಿಚ್ಚಿ ಹೊಸ ಶರ್ಟಿನ ತೋಳಿನಿಂದಲೇ ಮುಖ ಒರೆಸಿಕೊಂಡ. ‘ಅವ್ವಣ್ಣಾ, ವಯ ಕಿತೀ ತುಝಂ?’ ಎಂದು ವಯಸ್ಸು ಕೇಳಿದರು ಢಮಢೇರೆ. ಬೆಲ್ಟನ್ನು ಇನ್ನೊಂದು ಸಲ ಏರಿಸಿಕೊಳ್ಳಲು ಹೋಗಿ ಆಗದೆ, ಹೊಟ್ಟೆ ಕುಲುಕಿಸಿ ನಕ್ಕುಬಿಟ್ಟರು. ಅದಕ್ಕೇ ಕಾದಿದ್ದ ಕಾರ್ಖಾನೆಯೆಲ್ಲ ನಕ್ಕಿತು. ಭೀಮುವೂ ನಕ್ಕ, ಅದು ಮಾತ್ರ ಅವ್ವಣ್ಣನಿಗೆ ಸ್ವಲ್ಪ ಬೇಜಾರಾಯಿತು.

ಉಳಿದ ಮುಚ್ಚಳಗಳಿಗೂ ಹಸಿರು ದೀಪವೇ ಹತ್ತಿತು. ನಾಲ್ಕಕ್ಕೆ ಬಂದ ಚಾಕಣದವರು ಎಂಬತ್ತು ಮುಚ್ಚಳ ನೋಡಿ, ಚಹಾ ಕುಡಿದು ಹೋದರು. ಭೀಮುವಿಗೆ ಲೆಟರು ಸಿಕ್ಕಿತು. ಆದರೆ ಲಾಗಿನಲ್ಲಿ ಕೂತ ರೊಟ್ಟಿಯನ್ನು ಅಳಿಸಲು ಬರುವುದಿಲ್ಲ, ಅದಕ್ಕೊಂದು ರಿಪೋರ್ಟು ಲಗತ್ತಿಸಲೇಬೇಕು. ಗಿರಾಕಿಯ ಫಾರಂ ಪ್ರಕಾರ ಐದು ಸಲ ‘ಯಾಕೆ’ ಎಂದು ಕೇಳಿ, ಐದಕ್ಕೂ ಉತ್ತರ ಬರೆಯಬೇಕು. ರಾಜೀವ ಟೈಪು ಮಾಡಲು ಕೂತ, ಅವ್ವಣ್ಣ ಎದುರಿಗೆ ಸ್ಟೂಲಿನ ಮೇಲೆ. ಗೆರೆ ಯಾಕೆ ಬಂತು? ಝೀರೋ ತಪ್ಪಿತ್ತು. ಝೀರೋ ಯಾಕೆ ತಪ್ಪಿತು? ಕಲ್ಲಿನ ಮೇಲೆ ಹಿಟ್ಟಿತ್ತು. ಹಿಟ್ಟು ಯಾಕಿತ್ತು? ರೊಟ್ಟಿ ಇಟ್ಟಿದ್ದೆ. ಯಾಕೆ ಇಟ್ಟಿರಿ? ಸಪಾಟದನೋ ಇಲ್ಲೋ ಅಂತ ನೋಡಾಕ.

‘ಐದನೇದು ಸರ್. ಯಾಕೆ ನೋಡ್ಬೇಕಾಯ್ತು?’

ಅವ್ವಣ್ಣ ಸ್ಟೂಲನ್ನು ಮುಂದಕ್ಕೆ ಎಳೆದುಕೊಂಡ. ‘ಆಕಿ ಕೈ ನೋಯ್ತಾವೇನು ಅಂತ ಕೇಳಿದ್ದಿಲ್ಲ. ಕೇಳಿದ್ರ ಇದು ಯಾವುದೂ ಬೇಕಾಗ್ತಿರಲಿಲ್ಲ. ಹಂಗ ಬರೀರಿ.’ ರಾಜೀವ ಅವನ ಮುಖ ನೋಡಿದ. ನಗಲಿಲ್ಲ. ಟೈಪು ಮಾ‌ಡಿದ.

ಅವ್ವಣ್ಣ ಎದ್ದು ಗೇಟಿನ ಬಳಿ ಹೋಗಿ ಮನೆಗೆ ಫೋನು ಹಚ್ಚಿದ. ‘ನಾಳಿ ನಾ ರಜಾ ಹಾಕ್ತೀನಿ. ನಿನ್ನ ಕೈ ಡಾಕ್ಟರಿಗೆ ತೋರಿಸಿಕೊಂಡು ಬರೋಣು,’ ಎಂದ.

ಆ ಕಡೆ ಪಾತ್ರೆ ಕೆಳಗಿಟ್ಟ ಸದ್ದಾಯಿತು. ‘ಕೈ ನೋಯ್ತದ ಅಂತ ನಿಮಗ ಯಾರ್ ಹೇಳಿದ್ರು?’

ನಾನೇ ನೋಡಿದೆ ಎಂದರೆ ಮುಗಿಯುತ್ತಿತ್ತು. ಬಾಯಿಯ ತನಕ ಬಂದಿತ್ತು. ‘ಮಷೀನ್ ಹೇಳ್ತು,’ ಎಂದ. ‘ನಿನ್ನ ರೊಟ್ಟಿ ಮಷೀನಿಗೆ ಹಾಕಿ ನೋಡಿದ್ನಿ.’

‘ಏನಂತು ಮಷೀನು?’

‘ರಿಜೆಕ್ಟ್ ಅಂತು.’

‘ನೀವೇನ್ ಮಾಡಿದ್ರಿ?’

‘ತಿಂದ್ನಿ. ಮೂರೂ.’

ಶರಣಮ್ಮ ನಕ್ಕಳೋ ಮೂಗು ಸೀಟಿದಳೋ, ರಸ್ತೆಯ ಟೆಂಪೋಗಳ ಗದ್ದಲದಲ್ಲಿ ಗೊತ್ತಾಗಲಿಲ್ಲ. ಆಮೇಲೆ ಅವಳ ದನಿ ಬಂತು, ಬೆಳಿಗ್ಗೆಯದಲ್ಲ, ಇಪ್ಪತ್ನಾಲ್ಕು ವರ್ಷದ್ದು. ‘ಡಾಕ್ಟರ್ ಏನರ ಅನ್ನಲಿ, ನಾಳಿಂದ ರೊಟ್ಟಿ ನೀವ ತಟ್ರಿ. ನಾ ಅಳೀತೀನಿ.’